ಪೇಪರಿನ ಹೆಂಚು

“ನಿನ್ನೆಯ ಪೇಪರ್ ಇಲ್ಲೇ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೆ. ಯಾರು ತೆಗೆದದ್ದು?”

ಅಜ್ಜಿಯ ಮಾತು ಕೇಳಿ ದೀಕ್ಷಿತಾಳ ಕೈಯಲ್ಲಿದ್ದ ಗಮ್ ಬಾಟಲಿ ಅಲ್ಲೇ ನಿಂತಿತು.

ಎದುರಿಗೆ ಅವಳ ಕೊಲಾಜ್ ಒಣಗುತ್ತಿತ್ತು. ಪೇಪರ್ ಚೂರುಗಳನ್ನು ಅಂಟಿಸಿ ಮಾಡಿದ ‘ನಮ್ಮ ಮನೆ’. ಜಗಲಿಯಲ್ಲಿ ನಾಲ್ಕು ಜನ: ಅಪ್ಪ, ಅಮ್ಮ, ಅಜ್ಜಿ, ಅವಳು. ಸಣ್ಣ ಅಕ್ಷರದ ಜಾಹೀರಾತುಗಳು ಹೆಂಚಿನ ಹಾಗೆಯೇ ಕಂಡಿದ್ದವು. ಅವನ್ನೆಲ್ಲ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮನೆಯ ಮೇಲೆ ಮಾಡು ಹೊದಿಸಿದ್ದಳು. ಇವತ್ತೇ ಶಾಲೆಯಲ್ಲಿ ಸ್ಪರ್ಧೆ.

“ಹಳೆ ಪೇಪರ್ ಎಂತಕ್ಕೆ ಅಜ್ಜಿ?”

“ಅದರಲ್ಲಿ ಪ್ರೇತ ಮದುವೆಯ ಜಾಹೀರಾತು ಉಂಟು ಮಗಾ. ತೀರಿಹೋದ ಹುಡುಗನಿಗೆ, ಹಾಗೇ ತೀರಿಹೋದ ಹುಡುಗಿ ಬೇಕಂತೆ. ನಮ್ಮ ಸೇವಂತಿಗೆ ಎಲ್ಲ ಹೊಂದ್ತದೆ. ಬೇರೆ ಯಾರಾದ್ರೂ ಮೊದಲೇ ಫೋನ್ ಮಾಡಿದ್ರೆ ಕೈತಪ್ಪಿತು.”

ಸೇವಂತಿ ಅಪ್ಪನ ತಂಗಿ. ಮೂವತ್ತು ವರ್ಷದ ಹಿಂದೆ, ತೊಟ್ಟಿಲಲ್ಲಿರುವಾಗಲೇ ಜ್ವರ ಬಂದು ಹೋದವಳು. ಒಂದು ಫೋಟೋ ಕೂಡ ಇಲ್ಲ.

ಅದೇ ಪೇಪರ್ ಹುಡುಕಲು ಹೋಗಿದ್ದ ಅಪ್ಪ ಕುಂಬ್ರ ಪೇಟೆಯಿಂದ ಬರಿಗೈಯಲ್ಲಿ ಬಂದರು. “ಅಂಗಡಿಯಲ್ಲಿ ನಿನ್ನೆದು ಒಂದೂ ಇಲ್ಲ. ಇನ್ನೊಂದು ಸಂಬಂಧ ಬರ್ತದೆ ಬಿಡಮ್ಮ.”

“ಎಷ್ಟು ವರ್ಷದಿಂದ ಹುಡುಕುದು ಉದಯ? ಬಂತಾ?” ಅಜ್ಜಿ ಮತ್ತೆ ಹಾಸಿಗೆಯನ್ನೆಲ್ಲ ಎತ್ತಿ ನೋಡತೊಡಗಿದರು.

ದೀಕ್ಷಿತಾ ಮಾಡು ನೋಡಿದಳು. ಮೂರನೇ ಸಾಲಿನಲ್ಲಿ ‘ಪ್ರೇತ’ ಎಂಬ ಅಕ್ಷರಗಳು. ನಂಬರಿನ ಮೇಲೆ ಇನ್ನೊಂದು ಹೆಂಚು. ಎಬ್ಬಿಸಿದರೆ ಮಾಡು ಹರಿಯುತ್ತದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಸ್ಸಿಗೆ ಅರ್ಧ ಗಂಟೆ ಉಂಟು.

“ಅಜ್ಜೀ, ಅದು ಇಲ್ಲುಂಟು.”

ಅಜ್ಜಿ ಬಗ್ಗಿ ನೋಡಿದರು. “ನನ್ನ ಅಳಿಯನನ್ನು ಮಾಡಿಗೆ ಹತ್ತಿಸಿದ್ದೀಯಲ್ಲ ಮಾರಾಯ್ತಿ.”

ಒದ್ದೆ ಬಟ್ಟೆ ಒತ್ತಿ, ದೀಕ್ಷಿತಾ ಉಗುರಿನಿಂದ ಮೆಲ್ಲ ಎಬ್ಬಿಸಿದಳು. ಪೇಪರ್ ಪರ್ರೆಂದು ಹರಿಯಿತು. ಒಂದೊಂದೇ ಅಂಕಿ ಕಂಡಿತು. ಕೊನೆಯದು ಮೂರೋ ಎಂಟೋ ಗೊತ್ತಾಗಲಿಲ್ಲ.

ಅಪ್ಪ ಎಂಟು ಒತ್ತಿದರು. ಯಾವುದೋ ಗ್ಯಾರೇಜಿಗೆ ಹೋಯಿತು. ಮೂರು ಒತ್ತಿದರು. ರಿಂಗ್ ಆಗುತ್ತಲೇ ಇತ್ತು.

ಅಜ್ಜಿ ಸೆರಗು ಸರಿಮಾಡಿಕೊಂಡು ಫೋನ್ ತೆಗೆದುಕೊಂಡರು. “ಹಲೋ, ನಾವು ಹುಡುಗಿ ಕಡೆಯವರು. ಸಂಬಂಧ ಇನ್ನೂ ನಿಶ್ಚಯ ಆಗಲಿಲ್ವಾ? ಆದಿತ್ಯವಾರ ಬರ್ತೀರಾ?” ಅವರ ಸ್ವರ ಸಣ್ಣದಾಯಿತು. “ಹುಡುಗಿಯಾ? ಈಗ ಇದ್ದಿದ್ರೆ ಮೂವತ್ತು. ನನ್ನಷ್ಟೇ ಎತ್ತರ ಆಗ್ತಿದ್ಳು.”

ಮಾಡಿನಲ್ಲಿ ದೊಡ್ಡ ತೂತು ಬಿದ್ದಿತ್ತು. ದೀಕ್ಷಿತಾ ಅದನ್ನು ಮುಚ್ಚಲು ಹೋಗಲಿಲ್ಲ. ಸೀರೆ ಅಂಗಡಿಯ ಜಾಹೀರಾತಿನಿಂದ ಹಳದಿ ಚೂರೊಂದನ್ನು ಕತ್ತರಿಸಿದಳು. ಮಗುವಿನಷ್ಟು ಪುಟ್ಟದು. ಫೋನಿನಲ್ಲಿ ಮಾತಾಡುತ್ತಿದ್ದ ಅಜ್ಜಿಯನ್ನು ಒಮ್ಮೆ ನೋಡಿ, ಅದನ್ನು ಬದಿಗಿಟ್ಟಳು.

ಉದ್ದದ್ದೊಂದು ಕತ್ತರಿಸಿ, ಜಗಲಿಯಲ್ಲಿ ಅಜ್ಜಿಯ ಪಕ್ಕ, ಅಜ್ಜಿಯಷ್ಟೇ ಎತ್ತರಕ್ಕೆ ಅಂಟಿಸಿದಳು.