ಇಂಗುನ್ ಕೊಡದ ರಕ್ತ

ಬೋಡೋ ಊರಿನ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಫಲಿತಾಂಶಗಳು ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ತಾವಾಗಿಯೇ ಹೋಗುವಂತೆ ಮಾಡಿದವನು ನಾನು. ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಹಾಗೇ ಹೇಳುತ್ತೇನೆ.

ಎಲ್ಲವೂ ಮುಗಿದ ಮಧ್ಯಾಹ್ನ ಹಳೆಯದರ ತಂತಿಗಳನ್ನು ಕಿತ್ತೆ. ಗಂಟೆ ಕಳೆದರೂ ಅದರ ಬೆನ್ನು ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು. ಅಷ್ಟರಲ್ಲಿ ಹೊಸದಕ್ಕೆ ಹಳೆಯದರಿಂದಲೇ ಒಂದು ಫಲಿತಾಂಶ ಬಂತು: ಇಂಗುನ್, ಪೊಟ್ಯಾಸಿಯಂ ಏಳೂವರೆ. ಹೃದಯ ನಿಲ್ಲಿಸುವ ಮಟ್ಟ.

ನಮ್ಮ ದಾದಿ ಇಂಗುನ್ ಪಕ್ಕದಲ್ಲೇ ವಾಫೆಲ್ ಎಂಬ ಸಿಹಿ ದೋಸೆ ತಿನ್ನುತ್ತಿದ್ದಳು.

“ನಾನ್ಯಾರಿಗೂ ರಕ್ತ ಕೊಟ್ಟಿಲ್ಲ ಕಣೋ! ನಿನ್ ಯಂತ್ರಕ್ಕೆ ತಲೆ ಕೆಟ್ಟಿದೆ,” ಎಂದು ನಕ್ಕಳು.

“ಯಂತ್ರ ಸರಿಯಾಗೇ ಇದೆ. ನೀನು ಏಳು, ಡಾಕ್ಟರ್ ಹತ್ರ ನಡಿ.”

ಡಾಕ್ಟರು ಅವಳ ರಕ್ತ ತೆಗೆದು ಪರೀಕ್ಷಿಸಿದರು. ಏಳೂವರೆಯೇ. ತಕ್ಷಣ ಮದ್ದು ಕೊಟ್ಟರು, ಇಂಗುನ್ ಉಳಿದಳು.

ಸಂಜೆ ಮಾದರಿಗಳ ತಟ್ಟೆಯಲ್ಲಿ ಅವಳ ಹೆಸರಿನ ಇನ್ನೊಂದು ಕೊಳವೆ ಸಿಕ್ಕಿತು. ರಕ್ತ ಇನ್ನೂ ಬೆಚ್ಚಗಿತ್ತು. ಅದರ ಚೀಟಿಯಲ್ಲಿ ರಕ್ತ ತೆಗೆದವರ ಜಾಗದಲ್ಲಿ ನನ್ನ ಸಹಿಯಿತ್ತು. ನಾನು ಈವರೆಗೆ ಯಾರ ಮೈಗೂ ಸೂಜಿ ಚುಚ್ಚಿದವನಲ್ಲ.