ಇನ್ನೂ ತಯಾರಿಲ್ಲ ಎಂದವಳು

"ಆ ಕ್ಯಾಮೆರಾ ಬಿಚ್ಚಿ!"

ವಿಮಾನದ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ಎಸ್ಕಿಲ್ ಬೆಚ್ಚಿ ತಿರುಗಿದ. ಪ್ಯಾರಾಚೂಟ್ ಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದ ಸ್ಕೈಡೈವರ್‌ಗಳೆಲ್ಲ ತಿರುಗಿದರು. ವೊಸ್ ಊರಿನ ಆ ಬಯಲಿನಲ್ಲಿ ಹಾಗೆ ಕೂಗುವವಳು ಒಬ್ಬಳೇ... ಸುನ್ನಿವಾ!

"ಎಷ್ಟು ಜಂಪ್ ಆಗಿದೆ?"

"ನೂರ ತೊಂಬತ್ತೆಂಟು. ಇನ್ನೆರಡೇ ತಾನೇ..."

"ಇನ್ನೂರು ಆದ್ಮೇಲೆ ಬನ್ನಿ. ಅದೂ ಕೇಳೋಕೆ. ಹಾಕ್ಕೊಳ್ಳೋಕಲ್ಲ!"

ಅವಳೇ ಕೈ ಚಾಚಿ ಅವನ ಹೆಲ್ಮೆಟ್‌ನಿಂದ ಕ್ಯಾಮೆರಾ ಕಳಚಿದಳು. ಯಾರೋ ಕಿಸಕ್ಕನೆ ನಕ್ಕರು. ಎಸ್ಕಿಲ್‌ನ ಕಿವಿಗಳು ಕೆಂಪಾದವು. ಆದರೆ ಹತ್ತಿರದಿಂದ ಕಂಡ ಅವಳ ಕಣ್ಣುಗಳಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು.

ಎರಡು ವರ್ಷದ ಹಿಂದಿನವರೆಗೆ ಆ ಕ್ಲಬ್ಬಿನ ಜಿಗಿತಗಳನ್ನೆಲ್ಲ ಚಿತ್ರೀಕರಿಸುತ್ತಿದ್ದವಳು ಸುನ್ನಿವಾ. ಒಂದು ದಿನ ಪ್ಯಾರಾಚೂಟ್ ಒಮ್ಮೆಲೇ ತೆರೆದುಕೊಂಡ ರಭಸಕ್ಕೆ, ತಲೆಯ ಮೇಲಿದ್ದ ಕ್ಯಾಮೆರಾದ ಭಾರಕ್ಕೆ, ಕತ್ತಿನ ಮೂಳೆ ಮುರಿಯಿತು. ಒಳಗೆ ಲೋಹದ ಪಟ್ಟಿ ಕೂರಿಸಿದ ವೈದ್ಯರು, ಇನ್ನು ಜಿಗಿಯುವ ಮಾತೇ ಇಲ್ಲ ಎಂದರು. ಮೂವತ್ತೊಂದನೇ ವಯಸ್ಸಿಗೇ ಅವಳ ಆಕಾಶ ಮುಗಿದುಹೋಯಿತು! ಈಗ ಯಾರು ಕ್ಯಾಮೆರಾ ಹಾಕಿಕೊಳ್ಳಬಹುದು ಎಂದು ತೀರ್ಮಾನಿಸುವುದಷ್ಟೇ ಅವಳ ಕೆಲಸ.

ಇನ್ನೂರನೇ ಜಂಪ್ ಮುಗಿದ ದಿನವೇ ಎಸ್ಕಿಲ್ ಬಂದು ನಿಂತ.

"ಕೇಳೋಕೆ ಬಂದಿದೀನಿ. ಕಲಿಸ್ತೀರಾ?"

ಕಲಿಸಿದಳು. ಅವನ ಕಣ್ಣು ಮುಚ್ಚಿಸಿ, ದಪ್ಪ ಗ್ಲೌಸ್ ಹಾಕಿಸಿ, "ಪ್ಯಾರಾಚೂಟ್ ಹಗ್ಗ ಹೆಲ್ಮೆಟ್‌ಗೆ ಸಿಕ್ಕಾಕ್ಕೊಳ್ತು!" ಎಂದು ಕೂಗುವಳು. ಅವನು ಒಂದೇ ಕೈಯಲ್ಲಿ ಗದ್ದದ ಕೊಂಡಿ ಎಳೆದು ಹೆಲ್ಮೆಟ್ ಎಸೆಯಬೇಕು. ಮೊದಲು ನಾಲ್ಕು ಸೆಕೆಂಡ್ ಹಿಡಿಯುತ್ತಿತ್ತು. ಆಮೇಲೆ ಎರಡು. ಕೊನೆಗೆ ಒಂದು.

"ಚಿತ್ರ ತೆಗೀತಾ ತೆಗೀತಾ ಎತ್ತರ ಮರೆತುಬಿಡ್ತಾರೆ, ಎಸ್ಕಿಲ್. ನೆಲ ಯಾರಿಗೂ ಕಾಯಲ್ಲ."

ಪ್ರತಿ ಸಂಜೆ ಪ್ಯಾರಾಚೂಟ್ ಮಡಿಚುವ ಜಾಗದಲ್ಲಿ ಕೂತು ಆ ದಿನದ ಜಿಗಿತದ ಬಗ್ಗೆ ಮಾತಾಡುವರು. ಅವನು ಕಂದು ಚೀಸ್ ಹಾಕಿದ ವಾಫಲ್ ತಂದು, ದೊಡ್ಡ ತುಂಡು ಅವಳ ಕಡೆ ಸರಿಸುವನು. "ನೀವು" ಯಾವಾಗ "ನೀನು" ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಜುಲೈ ಮಧ್ಯದ ಹೊತ್ತಿಗೆ ಎಸ್ಕಿಲ್ ಗಾಳಿಯಲ್ಲಿ, ಕುರ್ಚಿಯ ಮೇಲೆ ಕೂತಷ್ಟು ನಿಶ್ಚಲವಾಗಿ ಇರುತ್ತಿದ್ದ. ಅವನು ತಯಾರಾಗಿದ್ದ. ಬೇರೆಯವರು ತೆಗೆದ ವಿಡಿಯೋ ನೋಡಿ ಅದು ಎಲ್ಲರಿಗಿಂತ ಮೊದಲು ತಿಳಿದದ್ದು ಸುನ್ನಿವಾಗೆ.

"ಈಗ?" ಅವನ ಕಣ್ಣುಗಳು ಹೊಳೆಯುತ್ತಿದ್ದವು.

ಹೌದು ಅಂದರೆ ಪಾಠ ಮುಗಿಯಿತು, ನಾಳೆಯಿಂದ ಇವನು ಕ್ಯಾಮೆರಾ ಹೊತ್ತು ಮೇಲೆ, ನಾನು ಕೆಳಗೆ. ಈ ಸಂಜೆಗಳು? ಇವನ ಕತ್ತಿಗೂ ನನ್ನ ಹಾಗೇ ಆದರೆ?

"ಇನ್ನೂ ಇಲ್ಲ," ಎಂದುಬಿಟ್ಟಳು.

ಮರುವಾರವೂ ಅದನ್ನೇ ಅಂದಳು. ಅದರ ಮರುವಾರವೂ... ಪ್ರತಿ ಸಲ ಅವನ ಮುಖ ಬಾಡುವುದನ್ನು ನೋಡಿ ಒಳಗೇ ಬೇಯುವಳು. ಆದರೂ ನಾಲಿಗೆಗೆ ಬೇರೆ ಮಾತೇ ಬರುತ್ತಿರಲಿಲ್ಲ.

ಆಗಸ್ಟ್ ಕೊನೆಯ ಒಂದು ಸಂಜೆ ಎಸ್ಕಿಲ್ ಹೆಲ್ಮೆಟ್ಟನ್ನೂ ಕ್ಯಾಮೆರಾವನ್ನೂ ಅವಳ ಮುಂದಿಟ್ಟ.

"ಯಾರಿಗಾದ್ರೂ ಕೊಟ್ಬಿಡು. ನಿನ್ನಂಥವಳೇ ಇಷ್ಟು ದಿನ ನೋಡಿ ಇಲ್ಲ ಅಂದ್ರೆ, ನನ್ನಲ್ಲೇ ಏನೋ ಸರಿಯಿಲ್ಲ."

"ಎಸ್ಕಿಲ್..."

"ನಾಳೆ ಒಂದು ಕೊನೇ ಜಂಪ್. ಆಮೇಲೆ ಬರ್ಗನ್‌ಗೆ, ಅಣ್ಣನ ದೋಣಿ ಕೆಲಸಕ್ಕೆ."

ಹೋಗಬೇಡ ಅನ್ನಬೇಕು... ಈಗಲೇ ಅನ್ನಬೇಕು! ಅಷ್ಟರಲ್ಲಿ ಅವನು ಹೊರಟೇ ಹೋದ.

ಮೂಲೆಯಲ್ಲಿ ಪ್ಯಾರಾಚೂಟ್ ಮಡಿಚುತ್ತಿದ್ದ ಗುಡ್ರುನ್ ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷದಿಂದ ಎಲ್ಲರ ಪ್ಯಾರಾಚೂಟ್ ಮಡಿಚುತ್ತ ಬಂದ ಹೆಂಗಸು ಅವಳು.

"ಅವನು ಜುಲೈನಲ್ಲೇ ತಯಾರಿದ್ದ. ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದೇ ಇರೋದು ಅವನಿಗೊಬ್ಬನಿಗೇ ಕಣೆ."

"ನಾನೇನ್ ಮಾಡ್ಲಿ, ಗುಡ್ರುನ್? ಹೌದು ಅಂದ್ರೂ ಹೋಗ್ತಾನೆ, ಇಲ್ಲ ಅಂದ್ರೂ ಹೋಗ್ತಾನೆ!" ಸುನ್ನಿವಾ ಬಿಕ್ಕಿದಳು.

"ಹಂಗಿದ್ಮೇಲೆ ನಿಜ ಹೇಳಿಯಾದ್ರೂ ಕಳಿಸು. ತನ್ನಲ್ಲೇ ಏನೋ ಸರಿಯಿಲ್ಲ ಅಂದ್ಕೊಂಡು ಹೋಗೋದು ಬೇಡ."

ಮರುದಿನ ವಿಮಾನದ ಎಂಜಿನ್ ಆಗಲೇ ಶುರುವಾಗಿತ್ತು. ಸುನ್ನಿವಾ ಹೆಲ್ಮೆಟ್ ಎದೆಗವಚಿಕೊಂಡು, ಏದುಸಿರು ಬಿಡುತ್ತ ಎಸ್ಕಿಲ್ ಬಳಿಗೆ ಬಂದಳು. ಕ್ಯಾಮೆರಾ ಅದರ ಮೇಲೆ ಕೂತಿತ್ತು.

"ತಗೋ! ನೀನು ತಯಾರಿದೀಯ."

"ರಾತ್ರಿ ಕಳೆಯೋದ್ರೊಳಗೆ ತಯಾರಾಗ್ಬಿಟ್ನಾ?" ಅವನ ದನಿ ಒರಟಾಗಿತ್ತು. "ಕರುಣೆ ತೋರಿಸ್ಬೇಡ."

"ನೀನು ಜುಲೈನಲ್ಲೇ ತಯಾರಿದ್ದೆ. ನಾನು ಸುಳ್ಳು ಹೇಳಿದೆ, ಎಸ್ಕಿಲ್! ಕ್ಯಾಮೆರಾ ಸಿಕ್ರೆ ನೀನು ಮತ್ತೆ ನನ್ನ ಹತ್ರ ಬರಲ್ಲ ಅಂತ... ನಿನಗೂ ನನ್ನ ಹಾಗಾಗುತ್ತೆ ಅಂತ..."

"ಆರು ವಾರ, ಸುನ್ನಿವಾ. ಆರು ವಾರ ನನ್ನನ್ನ ನಾನೇ ದ್ವೇಷಿಸಿದೀನಿ."

ಎಸ್ಕಿಲ್ ಅವಳ ಕೈಯಿಂದ ಹೆಲ್ಮೆಟ್ ತೆಗೆದುಕೊಂಡ.

"ಕೋಪದಲ್ಲಿ ಬೇಡ," ಅವಳು ಬೇಡಿಕೊಂಡಳು. "ಇನ್ನೊಂದು ದಿನ..."

ಅವನು ಹೆಲ್ಮೆಟ್ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ಕೊಂಡಿ ಎಳೆದ. ಹೆಲ್ಮೆಟ್ ಕಳಚಿ ಬಂತು. ಒಂದೇ ಸೆಕೆಂಡ್. ಮತ್ತೆ ಹಾಕಿಕೊಂಡು, ಮಾತಿಲ್ಲದೆ ವಿಮಾನ ಹತ್ತಿದ.

ಪಟ್ಟಿ ಕೂರಿಸಿದ ಅವಳ ಕತ್ತು ಹಿಂದಕ್ಕೆ ಬಾಗುತ್ತಿರಲಿಲ್ಲ. ಆಕಾಶ ನೋಡಬೇಕೆಂದರೆ ಮಲಗಬೇಕು. ಆ ದಿನ ಮೊದಲ ಸಲ ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿದಳು. ವಿಮಾನ ಗುಬ್ಬಿಯಾಯಿತು, ಚುಕ್ಕೆಯಾಯಿತು. ಏನಾದರೂ ಆದರೆ ಇಲ್ಲಿಂದ ನಾನೇನು ಮಾಡಬಲ್ಲೆ? ಏನೂ ಇಲ್ಲ...

ಜಿಗಿದವರು ಮೂವರು. ಒಂದು ಪ್ಯಾರಾಚೂಟ್ ತೆರೆಯಿತು. ಇನ್ನೊಂದು. ಮೂರನೆಯದೆಲ್ಲಿ? ದೇವರೇ, ಮೂರನೆಯದು...

ತೆರೆಯಿತು! ಮೆಲ್ಲಗೆ, ಹೂವಿನಂತೆ.

ಅವಳು ಮಲಗಿದಲ್ಲೇ ಅತ್ತಳು. ಹುಲ್ಲಿನ ಮೇಲೆ ಹೆಜ್ಜೆ ಸಪ್ಪಳವಾದಾಗಲೂ ಏಳಲಾಗಲಿಲ್ಲ. ಎಸ್ಕಿಲ್ ಪಕ್ಕದಲ್ಲಿ ಕುಕ್ಕರಿಸಿ, ಕ್ಯಾಮೆರಾದ ಪುಟ್ಟ ಪರದೆ ಅವಳ ಮುಖಕ್ಕೆ ಹಿಡಿದ. ಇಬ್ಬರು ಸ್ಕೈಡೈವರ್‌ಗಳು ಕೈ ಹಿಡಿದು ಬೀಳುತ್ತಿದ್ದರು. ಚಿತ್ರ ಒಂದಿಷ್ಟೂ ಅಲುಗಿರಲಿಲ್ಲ.

"ಚೆನ್ನಾಗಿದೆ," ಎಂದಳು. "ತುಂಬಾ..."

"ತಡಿ. ಇಲ್ಲೊಂದು ಕಡೆ ಕೆಟ್ಟಿದೆ."

ಪ್ಯಾರಾಚೂಟ್ ತೆರೆದ ಮೇಲೆ ಚಿತ್ರ ಗಡಗಡ ನಡುಗಿತ್ತು. ಕೆಳಗೆ ಹಸಿರು ಬಯಲು. ಅದರ ನಡುವೆ ಅಂಗಾತ ಮಲಗಿದ್ದ ಒಂದು ಪುಟ್ಟ ಆಕೃತಿ.

"ನೀನು ಬಿದ್ದಿದೀಯ ಅಂದ್ಕೊಂಡೆ," ಎಂದ. "ಮೇಲಿಂದ ನಾನೇನ್ ಮಾಡೋಕಾಗುತ್ತೆ? ಏನೂ ಇಲ್ಲ! ಇದನ್ನ ಪ್ರತಿ ದಿನ ಹೆಂಗೆ ತಡ್ಕೊಂಡೆ, ಸುನ್ನಿವಾ?"

"ತಡ್ಕೊಳ್ಳೋಕಾಗ್ಲಿಲ್ಲ. ಅದಕ್ಕೇ ಸುಳ್ಳು ಹೇಳಿದೆ. ನಿನ್ನ ಪ್ರೀತಿಸ್ತೀನಿ ಅನ್ನೋ ಬದಲು, ಇನ್ನೂ ಇಲ್ಲ ಅಂದೆ."

ಅವನು ಅವಳ ಪಕ್ಕದಲ್ಲೇ ಹುಲ್ಲಿನ ಮೇಲೆ ಉರುಳಿಕೊಂಡು ಅವಳ ಕೈ ಹಿಡಿದ.

"ನಂಗಿನ್ನೂ ಕೋಪ ಇದೆ."

"ಗೊತ್ತು."

"ಬೇಗ ಇಳಿಯಲ್ಲ."

"ಇಳಿಯೋವರೆಗೂ ಇಲ್ಲೇ ಇರ್ತೀಯಾ?"

ಎಸ್ಕಿಲ್ ಅವಳ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಇರ್ತೀನಿ... ನೀನು ಬೇಗ ಸಮಾಧಾನ ಮಾಡ್ಬೇಡ, ಅಷ್ಟೇ."