ಎಳ್ಳ ಅಮಾವಾಸ್ಯೆಯ ಸಭೆ

ಶಿವಲಿಂಗವ್ವ ಬದನೆಕಾಯಿ ತೂಗುತ್ತ ಆ ಮಾತು ಅನ್ನದೆ ಇದ್ದಿದ್ದರೆ ಬಿಂದುಮಾಧವ ವಕೀಲರು ಈ ಜನ್ಮದಲ್ಲಿ ಒಂದೂ ಅಪರಾಧ ಮಾಡುತ್ತಿರಲಿಲ್ಲ. ಹಾಗಂತ ಅವರೇ ತಮಗೆ ತಾವು ಎಷ್ಟೋ ಸಲ ಹೇಳಿಕೊಂಡರು.

ಅವಳು ಅಂದದ್ದಾದರೂ ಏನು? "ವಕೀಲಸಾಹೇಬ್ರ, ಎಲ್ಲಾ ಕಾಯಿ ಹಿಂಗ ಒತ್ತಿ ಒತ್ತಿ ನೋಡಬ್ಯಾಡ್ರಿ, ಬಾಡತಾವು. ತಪ್ಪು ಹುಡುಕೂದ್ರಾಗ ನೀವು ಭಾಳ ಶಾಣ್ಯಾರು ಅಂತ ನಮಗ ಗೊತ್ತೈತ್ರಿ. ತಿಗಣಿ ಕಡದಿದ್ದಕ್ಕ ನಮ್ಮ ತಗಡು ಹಾರಿಸಿದವ್ರು ನೀವು!"

ಕಟ್ಟೆಯ ಉದ್ದಕ್ಕೂ ಕೂತಿದ್ದ ಕಾಯಿಪಲ್ಯದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕೊತ್ತಂಬರಿ ಮಾರುವ ಸಾವಕ್ಕನಂತೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ವಕೀಲರು ಖಾಲಿ ಚೀಲ ಹಿಡಿದು ಮನೆಗೆ ಬಂದರು. ಹೆಂಡತಿ ತಾರಾಬಾಯಿ "ಬದನಿಕಾಯಿ ಎಲ್ಲೆ?" ಎಂದು ಕೇಳಿದರೆ, "ಇನ್ನ ಆ ಕಟ್ಟಿನೇ ಇರೂದಿಲ್ಲ, ನೋಡ್ತಿರು" ಅಂದರು.

ಇದು ಸಾವಿರದ ಒಂಬೈನೂರ ಮೂವತ್ತನಾಲ್ಕರ ಸುಮಾರಿನ ಮಾತು. ಯಾವ ಊರಿನ ಪುರಸಭೆ ಎಂದು ಮಾತ್ರ ಕೇಳಬೇಡಿ. ಹುಬ್ಬಳ್ಳಿಯವರನ್ನು ಕೇಳಿದರೆ ಧಾರವಾಡದ್ದು ಅನ್ನುತ್ತಾರೆ, ಧಾರವಾಡದವರು ಹುಬ್ಬಳ್ಳಿಯ ಕಡೆ ಬೆರಳು ತೋರಿಸುತ್ತಾರೆ. ಬಿಂದುಮಾಧವರು ಅಲ್ಲಿಯ ಉಪಾಧ್ಯಕ್ಷರು. ಸಭೆ ನಡೆಸುವ ನಿಯಮಗಳನ್ನು ಅವರು ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದರು. ಯಾರು ಯಾವಾಗ ಮಾತಾಡಬೇಕು, ಯಾರು ಅನುಮೋದಿಸಬೇಕು, ತಿದ್ದುಪಡಿ ಮೊದಲೋ ಠರಾವು ಮೊದಲೋ, ಎಲ್ಲ ನಾಲಿಗೆಯ ತುದಿಯಲ್ಲೇ.

ಇನ್ನು ತಿಗಣೆಯ ವಿಷಯ. ಹಿಂದಿನ ವರ್ಷ ಕಾಯಿಪಲ್ಯದ ಕಟ್ಟೆಗೆ ತಗಡಿನ ಮಾಡು ಹಾಕಿಸುವ ಠರಾವು ಸಭೆಗೆ ಬಂದಿತ್ತು. ಚರ್ಚೆ ನಡೆದಾಗ ಅಧ್ಯಕ್ಷ ಕುಬೇರಪ್ಪನವರಿಗೆ ಬೆತ್ತದ ಕುರ್ಚಿಯೊಳಗಿನ ತಿಗಣೆ ಎಲ್ಲಿ ಕಡಿಯಬಾರದೋ ಅಲ್ಲಿ ಕಡಿಯಿತು. ಪಾಪ, ಎದ್ದು ಧೋತರ ಕೊಡವಿ ಮತ್ತೆ ಕೂತರು. ಆಮೇಲೆ ಕೈ ಎತ್ತಿಸಿದರು, ಠರಾವು ಪಾಸಾಯಿತು. ಆಗ ಬಿಂದುಮಾಧವರು ಸಾವಕಾಶವಾಗಿ ಎದ್ದು ನಿಂತು, "ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ದ ಕ್ಷಣ ಸಭಾ ಮುಗೀತು. ಆಮ್ಯಾಲೆ ಆದದ್ದೆಲ್ಲಾ ಬರೇ ಹರಟಿ" ಎಂದರು. ಪುಸ್ತಕ ತೆಗೆದು ತೋರಿಸಿದರು. ವಾದ ಜಿಲ್ಲಾ ಕಚೇರಿಯವರೆಗೂ ಹೋಗಿ, ವಕೀಲರೇ ಗೆದ್ದು, ಅವರ ಮಾತೇ ನಿಯಮವಾಗಿ ನಿಂತಿತು. ಮಾಡು ಹೋಯಿತು. ಅಂದಿನಿಂದ ಕುಬೇರಪ್ಪನವರು ಸಭೆಯಲ್ಲಿ ಕೂತರೆಂದರೆ ಕೂತರು, ಕೆಮ್ಮು ಬಂದರೂ ಕುರ್ಚಿಯ ಕೈ ಬಿಗಿಯಾಗಿ ಹಿಡಿದೇ ಕೆಮ್ಮುತ್ತಿದ್ದರು.

ಅಂಥ ಗೆಲುವನ್ನು ಒಬ್ಬ ಬದನೆಕಾಯಿಯವಳು ಸಂತೆಯ ನಡುವೆ ನಗೆಪಾಟಲು ಮಾಡಿದ್ದು ವಕೀಲರ ಹೊಟ್ಟೆಯಲ್ಲಿ ಬೆಂಕಿಯಾಗಿ ಕೂತಿತು. ಆ ಬೆಂಕಿಗೆ ಎಣ್ಣೆ ಹೊಯ್ಯಲು ಸರಿಯಾದ ವೇಳೆಗೆ ಅರಳೆ ವ್ಯಾಪಾರಿ ಮುರುಗೆಪ್ಪ ಬಂದ. ಅವನೂ ಒಬ್ಬ ಮೆಂಬರ. ಕಟ್ಟೆಯ ಜಾಗದ ಮೇಲೆ ಅವನ ಕಣ್ಣು ಬಹಳ ದಿನದಿಂದ ಇತ್ತು, ಅರಳೆ ಗೋದಾಮಿಗೆ ಅಂಥ ಜಾಗ ಇನ್ನೊಂದಿಲ್ಲ.

"ರಾಯರ, ಆ ಜಾಗಾ ನನಗ ಲೀಜಿಗೆ ಕೊಡಸ್ರಿ. ಮುಂದಿನ ಇಲೆಕ್ಷನ್ನಿನ್ಯಾಗ ನನ್ನ ಕಡಿ ಮೆಂಬರ ಎಲ್ಲಾರೂ ನಿಮಗ ಕೈ ಎತ್ತತಾರ. ಪ್ರೆಸಿಡೆಂಟ್ ನೀವ."

ಅಧ್ಯಕ್ಷರ ಕುರ್ಚಿ! ಬಿಂದುಮಾಧವರಿಗೆ ದುಡ್ಡಿನ ಆಸೆ ಇರಲಿಲ್ಲ, ಅದೊಂದು ಗುಣ. ಆದರೆ ಆ ಬೆತ್ತದ ಕುರ್ಚಿಯ ಆಸೆ ಎಷ್ಟಿತ್ತೆಂದರೆ, ಅದರೊಳಗಿನ ತಿಗಣೆಗಳ ಮೇಲೂ ಅವರಿಗೆ ಪ್ರೀತಿಯಿತ್ತು. ಅವರು ಉಪಾಯ ಹೂಡಲು ಕೂತರು.

ನೆಟ್ಟಗೆ ಸಭೆಗೆ ತಂದರೆ ಠರಾವು ಬೀಳುವುದು ಖಾತ್ರಿ. ಟಾಂಗಾಗಳ ಮಾಲಕ ರಸೂಲಸಾಬ ಕಾಯಿಪಲ್ಯದವರ ಕಡೆಯ ಮನುಷ್ಯ, ಬಾಯಿ ಜೋರು, ಅವನ ಹಿಂದೆ ಅರ್ಧ ಸಭೆ. ಕುಬೇರಪ್ಪನವರ ಮನಸ್ಸೂ ಅತ್ತಲೇ. ಆದರೆ ನಿಯಮದ ಪುಸ್ತಕದಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಸಾಕಷ್ಟು ಮೆಂಬರರು ಬರದಿದ್ದರೆ ಸಭೆಯನ್ನು ಮುಂದೂಡಬೇಕು. ಮುಂದೂಡಿದ ಸಭೆಗೆ ಎಷ್ಟೇ ಕಡಿಮೆ ಜನ ಬರಲಿ, ಕೆಲಸ ನಡೆಸಬಹುದು. ಎಂದಿಗೆ ಮುಂದೂಡಬೇಕು? ಅದು ಕುರ್ಚಿಯಲ್ಲಿ ಕೂತವರ ಮರ್ಜಿ. ಅದೇ ದಿನ ಸಂಜೆಗೂ ಆಗಬಹುದು. ಹಾಗೆ ಒಮ್ಮೆ ಪಾಸಾದ ಠರಾವನ್ನು ಒಂದು ವರ್ಷದವರೆಗೆ ಯಾರೂ ಮುಟ್ಟುವಂತಿಲ್ಲ. ಅಷ್ಟರೊಳಗೆ ಮುರುಗೆಪ್ಪನ ಗೋದಾಮು ನಿಂತು, ಅದಕ್ಕೆ ಸುಣ್ಣವೂ ಬಳಿದಿರುತ್ತದೆ.

ಹಾಗಾದರೆ ಬೇಕಾದದ್ದು ಊರಿನಲ್ಲಿ ಒಬ್ಬನೂ ಇಲ್ಲದ ಒಂದು ದಿನ. ನಮ್ಮ ಸೀಮೆಯಲ್ಲಿ ಅಂಥ ದಿನ ಯಾವುದೆಂದು ಹಾಲುಗಲ್ಲದ ಕೂಸೂ ಹೇಳೀತು. ಎಳ್ಳ ಅಮಾವಾಸ್ಯೆ! ಅಂದು ಊರಿಗೆ ಊರೇ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತದೆ. ಹೊಲ ಇಲ್ಲದವರನ್ನು ಇದ್ದವರು ಚಕ್ಕಡಿ ಹತ್ತಿಸಿಕೊಂಡು ಹೋಗುತ್ತಾರೆ. ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಎಳ್ಳಹೋಳಿಗೆ ಉಂಡು ಬನ್ನಿಗಿಡದ ನೆರಳಿಗೆ ಬಿದ್ದುಕೊಂಡವನು ಹೊತ್ತು ಮುಳುಗುವ ತನಕ ಏಳುವುದಿಲ್ಲ.

"ಈ ತಿಂಗಳ ಸಭಾಕ್ಕ ಒಂದು ದಿನಾ ನೀವ ನೋಡ್ರೆಲಾ, ಬಿಂದುರಾವ್" ಎಂದು ಕುಬೇರಪ್ಪನವರೇ ಬಾಯಿಬಿಟ್ಟು ಕೇಳಿದ್ದರು. ಬಿಂದುಮಾಧವರು ಸರಕಾರಿ ಕ್ಯಾಲೆಂಡರ್ ನೋಡಿ ದಿನ ಹಚ್ಚಿದರು. ಅದರಲ್ಲಿ ಅಮಾವಾಸ್ಯೆಗೆ ರಜೆ ಇರಲಿಲ್ಲ, ಅದಕ್ಕೆ ಅವರೇನು ಮಾಡಲಾದೀತು! ನೋಟೀಸಿನ ಕಟ್ಟಕಡೆಗೆ, ಗಟಾರ ದುರಸ್ತಿಯ ಕೆಳಗೆ, ಕಟ್ಟೆಯ ಹೆಸರು ತೆಗೆಯದೆ ಬರೀ ಸರ್ವೆ ನಂಬರು ಹಾಕಿ ಆ ವಿಷಯ ಸೇರಿಸಿದರು. ಮೆಂಬರರು ದಿನಾಂಕ ನೋಡಿ ನಕ್ಕರು. ಜನ ಬರುವುದಿಲ್ಲ, ಸಭೆ ಮುಂದಿನ ವಾರಕ್ಕೆ ಹೋಗುತ್ತದೆ, ಹಿಂದಿನಿಂದಲೂ ನಡೆದುಬಂದದ್ದೇ ಹಾಗೆ ಎಂದು ಕುಬೇರಪ್ಪನವರೂ ಸೇರಿ ಎಲ್ಲರೂ ಬುತ್ತಿ ಕಟ್ಟಿದರು. ಹೊಲವಿಲ್ಲದ ರಸೂಲಸಾಬನಿಗೆ ಮುರುಗೆಪ್ಪ ತನ್ನ ಚಕ್ಕಡಿಯನ್ನೇ ಕಳಿಸಿದ. "ನೀವು ಮುಂದ ನಡೀರಿ, ನಾ ಹಿಂದಿಂದ ಬಂದ ಬಿಟ್ಟೆ" ಅಂದ. ಅವನ ಹೊಲ ಊರಿನಿಂದ ದೂರ, ಎತ್ತುಗಳು ಮುದಿ.

ಒಂದೇ ಒಂದು ತೊಡಕು ಉಳಿದಿತ್ತು. ಬಿಂದುಮಾಧವರು ಕುರ್ಚಿಯಲ್ಲಿ, ಮುರುಗೆಪ್ಪ ಠರಾವು ಮಂಡಿಸುವವ. ಅನುಮೋದಿಸುವವರು ಯಾರು? ಅದಿಲ್ಲದೆ ಠರಾವು ಹುಟ್ಟಿದಲ್ಲೇ ಸಾಯುತ್ತದೆ. ಇಲ್ಲಿ ಬೇರೆ ಯಾವ ವಕೀಲನಾದರೂ ಎಡವುತ್ತಿದ್ದ. ಬಿಂದುಮಾಧವರು ಆರಿಸಿದ್ದು ಯಜ್ಞೇಶ್ವರ ಮಾಸ್ತರರನ್ನು. ಸರಕಾರ ನೇಮಿಸಿದ ಮೆಂಬರ, ಎಂಬತ್ತು ದಾಟಿದ ವಯಸ್ಸು, ಕಿವಿ ಮಂದ. ಊರಿನ ಅರ್ಧ ಗಂಡಸರಿಗೆ ಅಕ್ಷರ ತಿದ್ದಿಸಿದ ಕೈ ಅದು, ಬಿಂದುಮಾಧವರಿಗೂ ತಿದ್ದಿಸಿತ್ತು, ಲೆಕ್ಕ ತಪ್ಪಿದಾಗ ಕಿವಿಯನ್ನೂ ಹಿಂಡಿತ್ತು. ಈಗ ಸಭೆಯಲ್ಲಿ ಯಾರು ಏನು ಅಂದರೂ "ಹೂಂ, ಆಗಲಿ" ಅನ್ನುವುದೇ ಅವರ ಪಾಲಿನ ಕೆಲಸ. ಅವರಿಗೆ ಹೊಲವೂ ಇರಲಿಲ್ಲ, ಚಕ್ಕಡಿಯಲ್ಲಿ ಕುಲುಕುವ ಶಕ್ತಿಯೂ ಇರಲಿಲ್ಲ. "ಸಂಜಿಗೆ ಒಂದೀಟು ಬರ್ರಿ ಸರ್, ಚಹಾ-ಅವಲಕ್ಕಿ ಅದ" ಎಂದು ವಕೀಲರು ಹೇಳಿ ಬಂದರು.

ಅಮಾವಾಸ್ಯೆಯ ದಿನ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು. ಬೆಳಿಗ್ಗೆ ಸಭಾಗೃಹದಲ್ಲಿ ಇಬ್ಬರೇ. ನಿಯಮದಂತೆ ಅರ್ಧ ಗಂಟೆ ಕಾದು ಸಭೆಯನ್ನು ಸಂಜೆ ನಾಲ್ಕಕ್ಕೆ ಮುಂದೂಡಿದರು. ಸಿಪಾಯಿ ಶರೀಫಸಾಬ ನೋಟೀಸು ಹಲಗೆಗೆ ಅಂಟಿಸಿದ. ಓದಲು ಒಂದು ಆಡು ಬಂತು, ಅದು ಓದದೆ ಅಂಟು ನೆಕ್ಕಿತು. ನಾಲ್ಕಕ್ಕೆ ಸರಿಯಾಗಿ ಬಿಂದುಮಾಧವರು ಕುರ್ಚಿಯಲ್ಲಿ ಕೂತು ಸಭೆ ಶುರುವಾಯಿತೆಂದು ಸಾರಿದರು. ಮುರುಗೆಪ್ಪ ಠರಾವು ಓದತೊಡಗಿದ. ಅವನ ಓದು ಏರು ಹತ್ತುವ ಎತ್ತಿನ ಹಾಗೆ, ಪ್ರತಿ ಅಕ್ಷರಕ್ಕೂ ನಿಂತು ಉಸಿರು ಬಿಡುತ್ತಿತ್ತು. ಅಷ್ಟರಲ್ಲಿ ಯಜ್ಞೇಶ್ವರ ಮಾಸ್ತರರು ಕೋಲೂರಿಕೊಂಡು ಬಾಗಿಲಿಗೆ ಬಂದರು. ವಕೀಲರು ಅವರ ಕೈ ಹಿಡಿದು ಕರೆತಂದು, ಬೆನ್ನಿಗೆ ಒಂದು ಲೋಡು ಕೊಟ್ಟು ಕೂಡಿಸಿ, "ಬಿಸಿ ಚಹಾ ತಾರೋ" ಎಂದು ಶರೀಫಸಾಬನನ್ನು ಅಟ್ಟಿದರು. ಮುರುಗೆಪ್ಪ ಓದಿ ಮುಗಿಸಿದ. "ಅನುಮೋದನಾ ಮಾಡ್ತೀರಿ, ಸರ್?" "ಹೂಂ, ಆಗಲಿ" ಎಂದರು ಮಾಸ್ತರರು, ಅವಲಕ್ಕಿ ಅಗಿಯುತ್ತ. ಠರಾವು ಪಾಸು! ಬಿಂದುಮಾಧವರು ತಮ್ಮ ಕೈಯಾರೆ ನಡಾವಳಿ ಬರೆದು ಸಹಿ ಹಾಕಿದರು.

ಎರಡನೆಯ ದಿನ ಮುರುಗೆಪ್ಪನ ಆಳುಗಳು ಕಟ್ಟೆಗೆ ಬಂದು ಹಗ್ಗ ಹಿಡಿದು ಅಳೆದಾಗ ಊರು ಹೊಯ್ ಎಂದಿತು. ಶಿವಲಿಂಗವ್ವ ವಕೀಲರ ಮನೆಯ ಮೆಟ್ಟಿಲಿಗೆ ಬಂದಳು. ಅವಳ ಬಾಯಲ್ಲಿ ಈಗ ಚೇಷ್ಟೆ ಇರಲಿಲ್ಲ.

"ನಮ್ಮವ್ವ ಅಲ್ಲೇ ಕುಂತಿದ್ಲರಿ, ನಾನೂ ಅಲ್ಲೇ ಮುದುಕಿ ಆಗಾಕತ್ತೇನಿ. ಆ ಕಟ್ಟಿ ಬಿಟ್ರ ನಮಗ ಎಲ್ಲೈತ್ರಿ ದಿಕ್ಕು? ಅವತ್ತ ಅಂದದ್ದು ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ."

ವಕೀಲರಿಗೆ ಎದೆಯಲ್ಲಿ ಚುರ್ ಎಂದಿತು, ಸುಳ್ಳೇಕೆ. ಆದರೆ ಅದರ ಹಿಂದೆಯೇ ಗೆದ್ದ ಸುಖವೂ ಬಂತು. "ಅದು ಸಭಾದ ನಿರ್ಣಯ, ನನ್ನ ಕೈಯಾಗೇನದವಾ?" ಎಂದು ಬಾಗಿಲು ಹಾಕಿಕೊಂಡರು. ಅಂದಿನಿಂದ ತಾರಾಬಾಯಿಗೆ ಇಡೀ ಪೇಟೆಯಲ್ಲಿ ಒಂದು ಎಸಳು ಕರಿಬೇವೂ ಸಿಗಲಿಲ್ಲ. ವಕೀಲರು ದಿನಾ ಹೆಸರುಬೇಳೆಯ ತೊವ್ವೆ ಉಂಡು, ಅಧ್ಯಕ್ಷರಾದ ಮೇಲೆ ಸುತ್ತಬೇಕಾದ ಜರಿ ರುಮಾಲಿನ ವಿಚಾರ ಮಾಡುತ್ತಿದ್ದರು.

ಮುಂದಿನ ಸಭೆಗೆ ಎಲ್ಲ ಮೆಂಬರರೂ ಬಂದರು. ಯಜ್ಞೇಶ್ವರ ಮಾಸ್ತರರೂ ಬಂದರು, ರಸೂಲಸಾಬನ ಟಾಂಗಾದಲ್ಲಿ, ಅವನ ಪಕ್ಕದಲ್ಲೇ ಕೂತು. ಕಾಯಿಪಲ್ಯದ ಹೆಂಗಸರು ಬಾಗಿಲ ತುಂಬ ನಿಂತಿದ್ದರು. ಕುಬೇರಪ್ಪನವರು ಕುರ್ಚಿಯ ಕೈ ಹಿಡಿದು ಕೂತರು. ಹಿಂದಿನ ಸಭೆಯ ನಡಾವಳಿ ಓದಿಯಾಯಿತು. ಬಿಂದುಮಾಧವರು ಮೊದಲೇ ಎಚ್ಚರಿಸಿದರು. "ಬರದದ್ದು ಖರೇನೋ ಸುಳ್ಳೋ ಅಷ್ಟ ಮಾತಾಡ್ರಿ. ಠರಾವು ಛಲೋನೋ ಕೆಟ್ಟೋ ಅನ್ನಲಿಕ್ಕೆ ನಿಯಮ ಇಲ್ಲ."

ರಸೂಲಸಾಬ ಎದ್ದ. ವಕೀಲರು ಅವನ ಎಲ್ಲ ಆಕ್ಷೇಪಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದರು. ಕೋರಂ ಅಂದರೆ ಇದು, ನೋಟೀಸು ಅಂದರೆ ಅದು.

"ಬರದದ್ರಾಗ ಒಂದು ಮಾತು ಬಿಟ್ಟೈತ್ರಿ" ಎಂದ ರಸೂಲಸಾಬ ಮೆಲ್ಲಗೆ. "ಅದು ಸಾಹೇಬರ ಮರ್ಯಾದಿ ಮಾತು. ಊರಾಗ ಜನ ಕೆಟ್ಟ ಆಡಾಕತ್ತಾರ. ಅವತ್ತ ಮಾಸ್ತರು ಬಾಗಲಾಗ ಬಂದ್ರ, ಉಪಾಧ್ಯಕ್ಷರು ಕುರ್ಚಿ ಮ್ಯಾಲೆ ಕಲ್ಲಿನಂಗ ಕುಂತಿದ್ರಂತ. ಅಕ್ಷರ ಕಲಿಸಿದ ಗುರುವಿಗೆ ಏಳಲಿಲ್ಲಂತ."

ಸಭೆ ಗೊಳ್ಳೆಂದಿತು. ಬಿಂದುಮಾಧವರ ಮುಖ ಕೆಂಪೇರಿತು. ಲೀಜಿನ ಬಗ್ಗೆ ಬಯ್ಯಿರಿ, ಕಟ್ಟೆಯ ಬಗ್ಗೆ ಬಯ್ಯಿರಿ, ಇದೇನು ಹಲಕಟ್ ಮಾತು! "ಯಾವ ಮಗಾ ಅಂದಾಂವಾ? ನಾ ಎದ್ದೇನಿ! ಎದ್ದು ಬಾಗಲತನಕಾ ಹೋಗಿ, ಕಾಲು ಮುಟ್ಟಿ, ಕೈ ಹಿಡಿದು ಕರಕೊಂಡ ಬಂದೇನಿ! ಮುರುಗೆಪ್ಪನ ಕೇಳ್ರಿ, ಶರೀಫನ ಕೇಳ್ರಿ! ಬರಕೋಳ್ರಿ ಇದನ್ನ, ನಡಾವಳಿಯೊಳಗ ಬರಕೋಳ್ರಿ!" ಮುರುಗೆಪ್ಪ ಹೌದು ಹೌದೆಂದ. ಗುಮಾಸ್ತ ಬರೆದುಕೊಂಡ. ಯಜ್ಞೇಶ್ವರ ಮಾಸ್ತರರು ಕಿವಿಗೆ ಕೈಯಿಟ್ಟು ಎಲ್ಲವನ್ನೂ ಕೇಳಿ, ಕಣ್ಣು ತುಂಬಿಕೊಂಡು, "ಖರೇ ಅದರೀ, ನಮ್ಮ ಬಿಂದ್ಯಾ ಎದ್ದಾ. ಭಾಳ ವಿನಯದ ಹುಡುಗ" ಎಂದರು.

"ಛಲೋ ಆತು" ಎಂದು ಕುಬೇರಪ್ಪನವರು ಕೂತಲ್ಲಿಂದಲೇ ಕೇಳಿದರು, "ಆವಾಗ ಠರಾವು ಪಾಸಾಗಿತ್ತೇನ್ರಿ, ಮಾಸ್ತರ?" "ಎಲ್ಲೀ ಪಾಸು! ಮುರುಗೆಪ್ಪ ಇನ್ನೂ ಓದ್ಲಿಕ್ಕೆ ಹತ್ತಿದ್ದಾ" ಎಂದರು ಮಾಸ್ತರರು. ಬಿಂದುಮಾಧವರಿಗೆ ಆಗ ಹೊಳೆಯಿತು. ಊರ ಜನರನ್ನೆಲ್ಲ, ಎತ್ತುಗಳ ಮುಪ್ಪನ್ನೂ ಕೂಡ ಲೆಕ್ಕಕ್ಕೆ ಹಿಡಿದಿದ್ದ ಅವರು ತಮ್ಮ ಮೊಣಕಾಲುಗಳನ್ನು ಮಾತ್ರ ಮರೆತಿದ್ದರು. ಗುರು ಬಂದಾಗ ಅವು ತಾವಾಗಿಯೇ ಎದ್ದಿದ್ದವು, ಮತ್ತು ಅವರು ಕುರ್ಚಿ ಬಿಟ್ಟೆದ್ದ ಕ್ಷಣಕ್ಕೆ ಅವರದೇ ನಿಯಮದಂತೆ ಸಭೆ ಮುಗಿದಿತ್ತು. ಇನ್ನೂ ಒಂದು ದಾರಿ ಇತ್ತು. "ಇಲ್ಲ, ಮಾಸ್ತರಿಗೆ ಮರವು, ನಾ ಎದ್ದದ್ದು ಸಭಾ ಶುರು ಆಗೂ ಮೊದಲ" ಅಂದರೆ ಸಾಕು, ಕಟ್ಟೆಯೂ ಹೋಗುತ್ತಿತ್ತು, ಕುರ್ಚಿಯೂ ಬರುತ್ತಿತ್ತು. ಅವರು ಬಾಯಿ ತೆರೆದರು, ಮಾಸ್ತರರ ಆ ಒದ್ದೆ ಕಣ್ಣು ನೋಡಿದರು, ಬಾಯಿ ಮುಚ್ಚಿಕೊಂಡು ಕೂತರು. ಬಾಗಿಲಲ್ಲಿ ಶಿವಲಿಂಗವ್ವ ಮೊದಲು ಅತ್ತಳು, ಆಮೇಲೆ ನಕ್ಕಳು. ಹೆಂಗಸರ ನಗು ಒಳಗೆಲ್ಲ ಹಬ್ಬಿದಾಗ ಕುಬೇರಪ್ಪನವರು ಕುರ್ಚಿಯ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, "ಗದ್ದಲ ಮಾಡಬ್ಯಾಡ್ರಿ, ತಗಡಿನ ಠರಾವು ಮದಲ ಪಾಸ್ ಆಗಲಿ. ಆಮ್ಯಾಲೆ ಏಳ್ತೇನಿ, ತಿಗಣಿ ಭಾಳ ಕಡಿಯಾಕತ್ತಾವು" ಎಂದರು.